ಮಗುವಿನ ಬಿಳುಪು, ಮಗುವಿನ ಹಳದಿ



ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ಈ ಗಾದೆಯನ್ನು ಎಷ್ಟು ಬಾರಿ ವಿವರಿಸಿದ್ದೇನೋ ಲೆಕ್ಕವಿಲ್ಲ. ಮನಸ್ಸಿನಲ್ಲಿ ದೋಷವಿದ್ದವನಿಗೆ ಲೋಕವೆಲ್ಲ ಆ ದೋಷದ ಬಣ್ಣದಲ್ಲೇ ತೋರುತ್ತದೆ ಎಂದು ಅರ್ಥ ಬರೆಸಿ ಮುಂದೆ ಹೋಗುತ್ತಿದ್ದೆ. ಗಾದೆಯ ನೀತಿ ಸರಿ. ಅದರೊಳಗಿನ ವೈದ್ಯ ಮಾತ್ರ ತಪ್ಪು. ಕಾಮಾಲೆಯಾದವನಿಗೆ ಲೋಕವೇನೂ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ಅವನು ಹಳದಿಯಾಗಿ ಕಾಣುತ್ತಾನೆ. ನೋಡಬೇಕಾದ ಕಣ್ಣು ಪಕ್ಕದಲ್ಲಿ ಕುಳಿತವರದು. ರೋಗಿಯು ಮಾತು ಬಾರದ ಹಸುಗೂಸಾದರಂತೂ ಹೇಳಲೇಬೇಕಾಗಿಲ್ಲ: ತಾಯಿ, ಅಜ್ಜಿ, ಅಜ್ಜ ಇವರ ಕಣ್ಣೇ ಅದರ ನಾಲಗೆ.

ನಾನು ವೈದ್ಯನಲ್ಲ. ಎಳೆಯ ಮಕ್ಕಳಲ್ಲಿ ರಕ್ತಹೀನತೆ ಮತ್ತು ಕಾಮಾಲೆ ಏಕೆ ಉಂಟಾಗುತ್ತವೆ ಎಂಬ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದಕ್ಕೆ ನನ್ನ ಮನೆಯಲ್ಲಿ ನಡೆದ ಒಂದು ಪ್ರಸಂಗ ಕಾರಣ. ಅದನ್ನು ಮುಂದೆ ಬಿನ್ನವಿಸುತ್ತೇನೆ. ಉಳಿದದ್ದು ಬಲ್ಲವರಿಂದ ಕೇಳಿ, ಓದಿ ತಿಳಿದದ್ದು.

ಮೊದಲಿಗೆ ಎರಡು ಮಾತುಗಳನ್ನು ಗಮನಿಸೋಣ. ಮೈ ಬಿಳಿಚಿಕೊಳ್ಳುವುದಕ್ಕೆ ನಮ್ಮ ಹಿರಿಯರು ಪಾಂಡುರೋಗವೆಂದರು. ಹಳದಿಯಾಗುವುದಕ್ಕೆ ಕಾಮಲೆ ಎಂದರು, ಕನ್ನಡದ ಬಾಯಲ್ಲಿ ಅದು ಕಾಮಾಲೆಯಾಯಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇವೆರಡಕ್ಕೂ ಒಂದೇ ಅಧ್ಯಾಯ. ಪಾಂಡುರೋಗ ಮುಂದುವರಿದು ಕಾಮಲೆಯಾಗುತ್ತದೆಂಬುದು ಅಲ್ಲಿನ ಎಣಿಕೆ. ಬಿಳುಪಿಗೂ ಹಳದಿಗೂ ಏನೋ ನಂಟುಂಟು ಎಂದು ಹಿಂದಿನವರು ಕಂಡುಕೊಂಡಿದ್ದರು. ನಂಟು ಏನೆಂಬುದನ್ನು ಈಚಿನ ವಿಜ್ಞಾನ ಬಿಡಿಸಿ ತೋರಿಸಿದೆ.

ನೆತ್ತರಿನ ಕೆಂಪು ಕಣಗಳಲ್ಲಿ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಉಸಿರಿನ ಆಮ್ಲಜನಕವನ್ನು ಮೈಯ ಮೂಲೆಮೂಲೆಗೆ ಹೊತ್ತೊಯ್ಯುವುದು ಅದರ ಕೆಲಸ. ದೊಡ್ಡವರಲ್ಲಿ ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ನವಜಾತ ಶಿಶುವಿನಲ್ಲಿ ಇನ್ನೂ ಕಡಮೆ. ಆಯಸ್ಸು ತೀರಿದ ಕಣವನ್ನು ದೇಹ ಒಡೆಯುತ್ತದೆ. ಹಳೆಯ ಮನೆ ಕೆಡವುವಾಗ ತೊಲೆ, ಬಾಗಿಲುಗಳನ್ನು ಎತ್ತಿಟ್ಟುಕೊಂಡು ಮಣ್ಣನ್ನು ಗಾಡಿಯಲ್ಲಿ ಹೊರಗೆ ಸಾಗಿಸುತ್ತೇವಲ್ಲ, ಹಾಗೆ ಕಬ್ಬಿಣಾಂಶ ಮರುಬಳಕೆಗೆ ಉಳಿಯುತ್ತದೆ. ಮಿಕ್ಕಿದ್ದು ಬಿಲಿರುಬಿನ್ ಎಂಬ ಹಳದಿ ವಸ್ತುವಾಗುತ್ತದೆ. ಯಕೃತ್ತು ಅದನ್ನು ಕರಗುವಂತೆ ಮಾಡಿ ಪಿತ್ತರಸದೊಡನೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಇದರಿಂದಲೇ.

ಇಷ್ಟು ತಿಳಿದರೆ ಉಳಿದದ್ದು ಸುಲಭ. ಹೊಸ ಕಣಗಳು ಸಾಕಷ್ಟು ತಯಾರಾಗದಿದ್ದರೆ, ಅಥವಾ ರಕ್ತ ಎಲ್ಲಿಯೋ ಸೋರಿಹೋಗುತ್ತಿದ್ದರೆ, ಮಗು ಬಿಳಿಚಿಕೊಳ್ಳುತ್ತದೆ. ಒಡೆದ ಕಣಗಳ ಕಸ ಹೊರಹೋಗದಿದ್ದರೆ ಹಳದಿಯಾಗುತ್ತದೆ. ಕಣಗಳು ಅಕಾಲದಲ್ಲಿ ಬೇಗಬೇಗನೆ ಒಡೆದುಹೋಗುತ್ತಿದ್ದರೆ ಬಿಳುಪು, ಹಳದಿ ಎರಡೂ ಒಟ್ಟಿಗೆ ಬರುತ್ತವೆ. ಬಿಳುಪಾಗಲಿ ಹಳದಿಯಾಗಲಿ ತಾನೇ ರೋಗವಲ್ಲ, ರೋಗದ ಸೂಚನೆ. ಜ್ವರದಂತೆಯೇ ಅದರ ಹಿಂದೆ ನೂರು ಕಾರಣಗಳಿರಬಹುದು. ಕಾರಣ ಕೇಳದೆ ಬಣ್ಣಕ್ಕೆ ಮದ್ದು ಮಾಡುವುದರಲ್ಲೇ ನಾವು ಎಡವುವುದು.

ಹುಟ್ಟಿದ ಮಗುವಿನಿಂದ ಪ್ರಾರಂಭಿಸೋಣ. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ವಾರದಲ್ಲಿ ಹಳದಿಯಾಗುತ್ತಾರೆ. ದಿನ ತುಂಬದೆ ಹುಟ್ಟಿದವರಲ್ಲಿ ನೂರಕ್ಕೆ 80ರಷ್ಟು. ಗರ್ಭದಲ್ಲಿದ್ದಾಗ ಬೇಕಾಗಿದ್ದ ಹೆಚ್ಚಿನ ಕಣಗಳು ಹುಟ್ಟಿದ ಮೇಲೆ ಒಡೆಯುತ್ತವೆ. ಎಳೆಯ ಯಕೃತ್ತು ಆ ಭಾರಕ್ಕೆ ಇನ್ನೂ ಸಜ್ಜಾಗಿರುವುದಿಲ್ಲ. ಎರಡನೆಯ ಮೂರನೆಯ ದಿನ ತೋರಿ, ಒಂದೆರಡು ವಾರಗಳಲ್ಲಿ ತಾನಾಗಿಯೇ ತಿಳಿಯಾಗುವ ಈ ಹಳದಿ ಬಹುಮಟ್ಟಿಗೆ ನಿರಪಾಯಕಾರಿ. ತಾಯಿಯ ಹಾಲು ಮೇಲಿಂದ ಮೇಲೆ ಕುಡಿಸುತ್ತಿದ್ದರೆ ಮಲದ ಮೂಲಕ ಇಳಿದುಹೋಗುತ್ತದೆ.

ಆದರೆ ಹುಟ್ಟಿದ 24 ಗಂಟೆಗಳೊಳಗೇ ಹಳದಿ ಕಂಡರೆ ಅದು ಸಹಜವಲ್ಲ. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿರುವ ಸಂದರ್ಭ ಇದರಲ್ಲಿ ಮುಖ್ಯ. ತಾಯಿಯ ದೇಹವು ಮಗುವಿನ ಕಣಗಳನ್ನು ಪರಕೀಯವೆಂದು ಬಗೆದು ಹೊಡೆಯುತ್ತದೆ. ಮೊದಲನೆಯ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಪೆಟ್ಟು ಬೀಳುವುದು ಮುಂದಿನದಕ್ಕೆ. ಹಿಂದೆ ಎರಡನೆಯದು, ಮೂರನೆಯದು ಉಳಿಯದೆ ಹೋದ ಎಷ್ಟೋ ಮನೆಗಳಲ್ಲಿ ದೋಷವನ್ನು ಜಾತಕದಲ್ಲಿ ಹುಡುಕಿದರು, ಸೊಸೆಯಲ್ಲಿ ಹುಡುಕಿದರು. 1968ರಿಂದ ಆಂಟಿ-ಡಿ ಎಂಬ ಚುಚ್ಚುಮದ್ದು ಬಳಕೆಗೆ ಬಂದಿದೆ. ಹೆರಿಗೆಯಾದ 72 ಗಂಟೆಗಳೊಳಗೆ ತಾಯಿಗೆ ಅದನ್ನು ಕೊಟ್ಟರೆ ಮುಂದಿನ ಮಗುವಿಗೆ ರಕ್ಷೆ.

ಇನ್ನೊಂದು ಕೊನೆಯಲ್ಲಿ, ಎರಡು ವಾರ ಕಳೆದರೂ ಹಳದಿ ಹೋಗದೆ, ಮಲ ಸುಣ್ಣದ ಹಾಗೆ ಬಿಳಿಚಿ, ಮೂತ್ರ ಬಟ್ಟೆಗೆ ಗಾಢವಾದ ಕಲೆ ಹಿಡಿಸುವಂತಿದ್ದರೆ ಪಿತ್ತನಾಳ ಮುಚ್ಚಿಹೋಗಿರಬಹುದು. ಜಪಾನಿನ ಶಸ್ತ್ರವೈದ್ಯ ಮೋರಿಯೊ ಕಸಾಯಿ 1959ರಲ್ಲಿ ಇದಕ್ಕೊಂದು ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಮಗುವಿಗೆ 60 ದಿನ ತುಂಬುವ ಮೊದಲು ಅದು ನಡೆದರೆ ಫಲ ಹೆಚ್ಚು. ಮಗು ದುಂಡಗೆ, ನಗುನಗುತ್ತಾ ಇರುವುದರಿಂದಲೇ ಎಷ್ಟೋ ಮನೆಗಳಲ್ಲಿ ಈ ಅರವತ್ತು ದಿನ ಕಳೆದುಹೋಗುತ್ತವೆ.

ಹಳದಿಗೆ ಇಷ್ಟೊಂದು ಹೆದರುವುದೇಕೆ? ಬಿಲಿರುಬಿನ್ ಮಿತಿಮೀರಿದರೆ ಎಳೆಯ ಮಿದುಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಕಿವುಡು, ಕೈಕಾಲು ಹಿಡಿತ ತಪ್ಪುವುದು ಇಂಥ ವೈಕಲ್ಯಗಳು ಜೀವಮಾನವಿಡೀ ಉಳಿಯಬಹುದು. ಅಂಗೈ ಅಂಗಾಲುಗಳವರೆಗೆ ಹಳದಿ ಇಳಿದಿದ್ದರೆ, ಮಗು ಮಂಕಾಗಿ ಮೊಲೆ ಹಿಡಿಯದಿದ್ದರೆ ಒಂದು ಗಳಿಗೆಯೂ ತಡಮಾಡಬಾರದು.

ಇಲ್ಲಿ ಒಬ್ಬ ದಾದಿಯ ಕಣ್ಣನ್ನು ನೆನೆಯಬೇಕು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿ ದಿನ ತುಂಬದ ಕೂಸುಗಳನ್ನು ಬೇಸಗೆಯಲ್ಲಿ ಅಂಗಳದ ಬೆಳಕಿಗೆ ತರುತ್ತಿದ್ದಳು. 1956ರಲ್ಲಿ ಒಂದು ದಿನ ವೈದ್ಯರಿಗೆ ಒಂದು ಮಗುವನ್ನು ತೋರಿಸಿದಳು. ಮೈಯೆಲ್ಲ ತಿಳಿಯಾಗಿತ್ತು, ಬಟ್ಟೆಯ ಅಂಚು ಮುಚ್ಚಿದ್ದ ಒಂದು ತುಂಡು ಚರ್ಮ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಆ ಆಸ್ಪತ್ರೆಯ ವೈದ್ಯ ಕ್ರೀಮರ್ ಮತ್ತು ಸಂಗಡಿಗರು 1958ರಲ್ಲಿ ಇದನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು. ಇಂದು ಶಿಶುಗಳನ್ನು ನೀಲಿ ದೀಪದಡಿ ಮಲಗಿಸುವ ಚಿಕಿತ್ಸೆ ಹುಟ್ಟಿದ್ದು ಹೀಗೆ. ಆ ಬೆಳಕು ಬಿಲಿರುಬಿನ್ನಿನ ಆಕಾರವನ್ನೇ ಬದಲಿಸಿ, ದೇಹ ಅದನ್ನು ಹೊರಹಾಕುವಂತೆ ಮಾಡುತ್ತದೆ. ಇದನ್ನು ಕೇಳಿದವರು ಹಾಗಾದರೆ ನಮ್ಮ ಎಳೆಬಿಸಿಲೇ ಸಾಕಲ್ಲ ಎನ್ನುತ್ತಾರೆ. ಸಾಲದು. ಬಿಸಿಲಿಗೆ ಅಳತೆಯಿಲ್ಲ, ಹಸುಗೂಸಿನ ಚರ್ಮ ಅದನ್ನು ತಾಳುವುದೂ ಇಲ್ಲ. ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹಾಗೆ ಮುಂದೂಡಿದವರಲ್ಲಿ ನಾನೂ ಒಬ್ಬ.

ನಾಲ್ಕು ವರ್ಷಗಳ ಹಿಂದೆ ಮಗಳ ಬಾಣಂತನ ನಮ್ಮ ಮನೆಯಲ್ಲಾಯಿತು. ಗಂಡು ಮಗು; ಆರೋಗ್ಯವಾಗಿತ್ತು. ಮೂರನೆಯ ದಿನ ಅಷ್ಟಿಷ್ಟು ಹಳದಿಯಾಗಿ, ಹತ್ತನೆಯ ದಿನದ ಹೊತ್ತಿಗೆ ತಿಳಿಯಾಯಿತು. ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಂದು ನಾನು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ನನ್ನ ತಾಯಿ ಹೆಣೆದ ಉಣ್ಣೆಯ ಹೊದಿಕೆ ಅದರಲ್ಲಿತ್ತು. ನನ್ನ ಮಗಳೂ ಅದರಲ್ಲೇ ಮಲಗಿದವಳು. ನುಸಿ ತಿನ್ನದಿರಲೆಂದು ವರ್ಷ ವರ್ಷವೂ ನುಸಿಗುಳಿಗೆ ಹಾಕಿ ಅದನ್ನು ಕಾಪಾಡಿದವನು ನಾನೇ. ಎಣ್ಣೆ ನೀರು ಹಾಕಿದ ಮಗುವನ್ನು ಅದರಲ್ಲಿ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದೆವು.

ಹದಿಮೂರನೆಯ ದಿನ ಸಂಜೆ ಮಗಳು, ಮಗು ಮತ್ತೆ ಹಳದಿಯಾದಂತಿದೆ ಅಪ್ಪ ಎಂದಳು. ನಾನು ನಕ್ಕೆ. ಆಗಲೇ ಒಮ್ಮೆ ಆಗಿ ಹೋಯಿತಲ್ಲ, ಎಲ್ಲ ಮಕ್ಕಳಿಗೂ ಆಗುತ್ತದೆ, ಬೆಳಗ್ಗೆ ಎಳೆಬಿಸಿಲಿಗೆ ಹಿಡಿಯೋಣ ಎಂದೆ. ರಾತ್ರಿ ಅವಳು ಮಗುವಿನ ಬಟ್ಟೆ ತಂದು ದೀಪದಡಿ ಹಿಡಿದಳು. ಮೂತ್ರದ ಕಲೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿತ್ತು. ಮಗುವಿನ ತುಟಿ ನೋಡಿದರೆ ಕೆಂಪೇ ಇಲ್ಲ. ಹಳದಿಯ ಕೆಳಗೆ ಬಿಳುಪು. ಅವಳು ನನ್ನ ಅಪ್ಪಣೆಗೆ ಕಾಯಲಿಲ್ಲ.

ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿಯಲ್ಲಿದ್ದವರು ಚಿಕ್ಕ ವಯಸ್ಸಿನ ವೈದ್ಯೆ. ಹಳದಿ ಎಂದಿನಿಂದ, ಮಲದ ಬಣ್ಣವೇನು, ಮೂತ್ರದ್ದೇನು, ತಾಯಿಯ ರಕ್ತದ ಗುಂಪು ಯಾವುದು, ಮನೆಯಲ್ಲಿ ಏನಾದರೂ ಔಷಧಿ ಕೊಟ್ಟಿರಾ ಎಂದು ಒಂದೊಂದಾಗಿ ಕೇಳಿದರು. ಕೊನೆಗೆ ಹೊದಿಕೆಯನ್ನು ಎತ್ತಿ ಮೂಗಿನ ಬಳಿ ಹಿಡಿದು, ಇದು ಎಲ್ಲಿತ್ತು ಎಂದರು. ನಾನು ಹೇಳಿದೆ. ಅವರು ಅದನ್ನು ಮಡಚಿ ವಾರ್ಡಿನಿಂದ ಹೊರಗಿಡಿಸಿದರು.

ಪರೀಕ್ಷೆಯಿಂದ ತಿಳಿದುಬಂದದ್ದಿಷ್ಟು. ಕೆಂಪು ಕಣವನ್ನು ಕಾಪಾಡುವ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವ ಮಗುವಿನಲ್ಲಿ ಕೊರತೆಯಾಗಿತ್ತು. ತಾಯಿಯ ಕಡೆಯಿಂದ ಬರುವ, ಹೆಚ್ಚಾಗಿ ಗಂಡುಮಕ್ಕಳಲ್ಲಿ ತೋರುವ ಕೊರತೆ ಇದು. ಇಂಥವರು ಸಾಮಾನ್ಯವಾಗಿ ಎಲ್ಲರಂತೆಯೇ ಇರುತ್ತಾರೆ. ಆದರೆ ಕೆಲವು ವಸ್ತುಗಳು ತಾಗಿದರೆ ಕಣಗಳು ರಾಶಿರಾಶಿಯಾಗಿ ಒಡೆಯುತ್ತವೆ: ಮಲೇರಿಯಕ್ಕೆ ಕೊಡುವ ಪ್ರೈಮಾಕ್ವಿನ್, ಫಾವಾ ಎಂಬ ಅವರೆ ಜಾತಿಯ ಕಾಳು, ಮತ್ತು ನುಸಿಗುಳಿಗೆಯ ನಾಫ್ತಲೀನ್. ಅದರ ಆವಿ ಉಸಿರಿನಿಂದಲೂ ಚರ್ಮದಿಂದಲೂ ಒಳಗೆ ಹೋಗುತ್ತದೆ. ಎಣ್ಣೆ ಹಚ್ಚಿದ ಮೈ ಅದನ್ನು ಇನ್ನಷ್ಟು ಹೀರುತ್ತದೆ. ಹೀಗೆ ಮೂರು ತಲೆಮಾರಿನ ಪ್ರೀತಿಯ ಹೊದಿಕೆ ಮೊಮ್ಮಗನ ನೆತ್ತರನ್ನು ಒಡೆದಿತ್ತು. ನೀಲಿ ದೀಪ, ಅಪರಿಚಿತರೊಬ್ಬರ ರಕ್ತ ಇವುಗಳಿಂದ ಮಗು ಉಳಿಯಿತು. ಆಮೇಲೆ ಕಿವಿಯ ಪರೀಕ್ಷೆಯ ದಿನ ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಅರ್ಧ ಗಂಟೆಯನ್ನು ಇಲ್ಲಿ ವರ್ಣಿಸಲಾರೆ. ಕೇಳಿಸುತ್ತದೆ ಎಂದರು. ಈಗ ಅವನು ನಾನು ಕರೆದರೆ ಬೇಕೆಂದೇ ಕೇಳಿಸದವನಂತೆ ಓಡುತ್ತಾನೆ.

ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ ಎಂಬ ಪ್ರಶ್ನೆಯನ್ನು ನಾನು ಸಾವಿರಾರು ಮಕ್ಕಳಿಗೆ ಕೊಟ್ಟವನು. ಮೂರನೆಯ ದಿನದ ಹಳದಿಯೂ ಹದಿಮೂರನೆಯ ದಿನದ ಹಳದಿಯೂ ನೋಡಲು ಒಂದೇ ಪದ. ಸಂದರ್ಭ ಬೇರೆ, ಅರ್ಥ ಬೇರೆ. ಆ ವೈದ್ಯೆ ಕೇಳಿದ್ದು ಸಂದರ್ಭವನ್ನು. ನಾನು ಸಂದರ್ಭ ಬಿಟ್ಟು ಅರ್ಥ ಹೇಳಿದ್ದೆ.

ಇನ್ನು ಬಿಳುಪಿನ ಮಾತಿಗೆ ಬರೋಣ. ಹಳದಿ ಬೇಗ ಕಣ್ಣಿಗೆ ಬೀಳುತ್ತದೆ. ಬಿಳುಪು ಮೆಲ್ಲನೆ ಬರುತ್ತದೆ. ದಿನವೂ ನೋಡುವವರಿಗೆ ಕಾಣುವುದೇ ಇಲ್ಲ. ಮಗು ಬೆಳ್ಳಗಾಗುತ್ತಿದೆ ಎಂದು ಹಿಗ್ಗುವವರೂ ಉಂಟು. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತದ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರೆಂದು ಕಂಡುಬಂದಿತು. ಕರ್ನಾಟಕದಲ್ಲಿ ನೂರಕ್ಕೆ 65ರ ಮೇಲೆ. ಬೆರಳ ತುದಿಯ ಹನಿಗೆ ಬದಲು ನರದಿಂದ ರಕ್ತ ತೆಗೆದು ಅಳೆದ ಇನ್ನೊಂದು ಸಮೀಕ್ಷೆಯಲ್ಲಿ, 2016ರಿಂದ 18ರ ನಡುವೆ, ಒಂದರಿಂದ ನಾಲ್ಕು ವರ್ಷದವರಲ್ಲಿ ಈ ಲೆಕ್ಕ ನೂರಕ್ಕೆ ಸುಮಾರು 41. ಯಾವುದನ್ನು ಹಿಡಿದರೂ ನಾಚಿಕೆಯ ಸಂಗತಿಯೇ.

ಮೊದಲ ಕಾರಣ ತಾಯಿಯಲ್ಲಿದೆ. ಮಹಾಭಾರತದ ಅಂಬಾಲಿಕೆಯ ಕಥೆ ನಿಮಗೆಲ್ಲ ಗೊತ್ತು. ವ್ಯಾಸರನ್ನು ಕಂಡು ಅವಳು ಬಿಳಿಚಿದಳು, ಮಗ ಬಿಳಿಚಿಯೇ ಹುಟ್ಟಿದ, ಪಾಂಡುವೆಂದು ಹೆಸರಾಯಿತು. ಕಥೆಯ ಕಾರಣ ಹಾಗಿರಲಿ. ತಾಯಿಯ ಬಿಳುಪು ಮಗುವಿಗೆ ಇಳಿಯುತ್ತದೆ ಎಂಬುದು ನಿಜ. ಕೂಸು ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯಿಂದ ಕಬ್ಬಿಣಾಂಶವನ್ನು ಬುತ್ತಿ ಕಟ್ಟಿಕೊಂಡು ಬರುತ್ತದೆ. ಅದು ಸುಮಾರು ಆರು ತಿಂಗಳಿಗೆ ಸಾಕು. ತಾಯಿಯಲ್ಲೇ ಇಲ್ಲದಿದ್ದರೆ ಅಥವಾ ದಿನ ತುಂಬುವ ಮೊದಲೇ ಹೊರಟುಬಂದರೆ ಬುತ್ತಿ ಚಿಕ್ಕದಾಗುತ್ತದೆ. ಹೆರಿಗೆಯಲ್ಲಿ ಹೊಕ್ಕುಳಬಳ್ಳಿಯನ್ನು ಕೂಡಲೇ ಕಟ್ಟದೆ ಒಂದೆರಡು ನಿಮಿಷ ತಡೆದರೆ ಮಗುವಿಗೆ ಇನ್ನಷ್ಟು ರಕ್ತ ಹರಿದುಬರುತ್ತದೆ.

ಆರು ತಿಂಗಳಾದ ಮೇಲೆ ಮೇಲೂಟ ಬೇಕು. ನಮ್ಮ ಮನೆಗಳಲ್ಲಿ ಇಲ್ಲಿಯೇ ತಪ್ಪುತ್ತದೆ. ಹಸುವಿನ ಹಾಲು ಅಮೃತವೆಂದು ಎರಡು ಲೋಟ, ಮೂರು ಲೋಟ ಕುಡಿಸುತ್ತೇವೆ. ಅದರಲ್ಲಿ ಕಬ್ಬಿಣಾಂಶ ಅತ್ಯಲ್ಪ. ಹೊಟ್ಟೆ ತುಂಬಿಸಿ ಅನ್ನದ ಆಸೆ ಕೆಡಿಸುತ್ತದೆ. ವರ್ಷ ತುಂಬದ ಕೆಲವು ಮಕ್ಕಳ ಕರುಳಿನಿಂದ ಸೂಕ್ಷ್ಮವಾಗಿ ರಕ್ತ ಸೋರುವಂತೆಯೂ ಮಾಡುತ್ತದೆ. ರಾಗಿ ಒಳ್ಳೆಯದು, ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದರೆ ಅದರ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ಸೊಪ್ಪು ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೂ ಹಾಗೆಯೇ. ಊಟದ ಜೊತೆ ಕಾಫಿ, ಚಹ ಗುಟುಕರಿಸಿದರೆ ತದ್ವಿರುದ್ಧ. ತಿನ್ನುವವರ ಮನೆಯಲ್ಲಿ ಮೊಟ್ಟೆ, ಮಾಂಸಗಳನ್ನು ಮಗುವಿಗೆ ಕೊಡಲು ಹಿಂಜರಿಯಬೇಕಾಗಿಲ್ಲ.

ನಮ್ಮಂಥ ಸಸ್ಯಾಹಾರಿಗಳ ಮನೆಗಳಿಗೆ ಇನ್ನೊಂದು ಮಾತು. ಬಿ-12 ಎಂಬ ಜೀವಸತ್ವ ಸಸ್ಯಗಳಿಂದ ದೊರೆಯುವುದಿಲ್ಲ. ಹಾಲು ಮೊಸರನ್ನೂ ಸಾಕಷ್ಟು ಕಾಣದ ತಾಯಿಯ ಎದೆಹಾಲಿನಲ್ಲಿ ಅದು ಕಡಮೆಯಾಗಿರುತ್ತದೆ. ವರ್ಷವಾದರೂ ಬರಿಯ ಎದೆಹಾಲಿನಲ್ಲೇ ಬೆಳೆದ ಇಂಥ ಮಕ್ಕಳು ಬಿಳಿಚಿಕೊಂಡು, ಕಲಿತ ನಗುವನ್ನೂ ಕುಳಿತುಕೊಳ್ಳುವುದನ್ನೂ ಮರೆತು, ಕೈಕಾಲು ನಡುಗುವ ಸ್ಥಿತಿಗೆ ಬರುವುದುಂಟು. ತಪ್ಪು ಎದೆಹಾಲಿನದಲ್ಲ, ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಎಲ್ಲವನ್ನೂ ಬಿಡಿಸಿದ ನಮ್ಮದು.

ಮಣ್ಣು ತಿನ್ನುವ ಮಗುವೆಂದರೆ ನಮಗೆ ಗೋಕುಲದ ನೆನಪು. ಯಶೋದೆ ಬಾಯಿ ತೆರೆಸಿದಾಗ ಕಂಡದ್ದು ಬ್ರಹ್ಮಾಂಡ. ನಮ್ಮ ಮಗು ಮತ್ತೆ ಮತ್ತೆ ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ ನಾವು ಅದರ ಕೆಳರೆಪ್ಪೆಯನ್ನು ಜಗ್ಗಿ ನೋಡಬೇಕು; ಅಲ್ಲಿ ಕೆಂಪಿಲ್ಲದಿರಬಹುದು. ಕಬ್ಬಿಣಾಂಶದ ಕೊರತೆಯೇ ಈ ವಿಚಿತ್ರ ಹಸಿವನ್ನು ಹುಟ್ಟಿಸುವುದುಂಟು. ಚರಕಸಂಹಿತೆ ಐದು ಬಗೆಯ ಪಾಂಡುವಿನಲ್ಲಿ ಒಂದನ್ನು ಮಣ್ಣು ತಿನ್ನುವುದರಿಂದ ಬಂದದ್ದೆಂದೇ ಹೆಸರಿಸಿದೆ. ಮಣ್ಣಿನ ದಾರಿಯಲ್ಲೇ ಹುಳುವೂ ಬರುತ್ತದೆ. ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಹೊಕ್ಕು ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಅಂಗನವಾಡಿಗಳಲ್ಲಿ 2015ರಿಂದ ನಡೆದುಬಂದಿರುವ ಜಂತುಹುಳು ನಿವಾರಣೆಯ ದಿನ, 2018ರ ರಕ್ತಹೀನತೆ ಮುಕ್ತ ಭಾರತ ಯೋಜನೆಯಂತೆ ವಾರಕ್ಕೆರಡು ಬಾರಿ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು, ಇವು ಬಡವರ ಮಕ್ಕಳಿಗೆ ಮಾತ್ರ ಎಂದು ಪೇಟೆಯ ಜನ ತಿಳಿಯಬಾರದು.

ಹಾಗೆಂದು ಬಿಳುಪೆಲ್ಲ ಕಬ್ಬಿಣದ ಕೊರತೆಯಲ್ಲ. ಥಲಸ್ಸೀಮಿಯ ಎಂಬುದೊಂದು ಉಂಟು. ಗ್ರೀಕಿನಲ್ಲಿ ಥಲಸ್ಸ ಎಂದರೆ ಕಡಲು; ಮೆಡಿಟರೇನಿಯನ್ ತೀರದ ಮೂಲದ ಮಕ್ಕಳಲ್ಲಿ ಮೊದಲು ಗುರುತಿಸಿದ್ದರಿಂದ ಈ ಹೆಸರು. ತಂದೆ ತಾಯಿ ಇಬ್ಬರೂ ನೋಡಲು ಆರೋಗ್ಯವಂತರೇ. ಆದರೆ ಇಬ್ಬರಲ್ಲೂ ದೋಷದ ಒಂದೊಂದು ಎಳೆಯಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರಷ್ಟು ಸಂಭವ ಮಗುವಿಗೆ ರೋಗ ಬರುವುದಕ್ಕೆ. ಹುಟ್ಟಿದಾಗ ಚೆನ್ನಾಗಿದ್ದ ಮಗು ಆರು ತಿಂಗಳು ಕಳೆದ ಮೇಲೆ ಬಿಳಿಚತೊಡಗುತ್ತದೆ. ಅದಕ್ಕೆ ಮೇಲಿಂದ ಮೇಲೆ ರಕ್ತ ಕೊಡಬೇಕು. ಮೈಯಲ್ಲಿ ಕಬ್ಬಿಣ ಮಿತಿಮೀರಿ ಸೇರುವುದೇ ಅಲ್ಲಿನ ಕಷ್ಟ. ಪರೀಕ್ಷೆಯಿಲ್ಲದೆ ಟಾನಿಕ್ಕು ಕುಡಿಸುತ್ತಾ ಹೋದರೆ ಬೆಂಕಿಗೆ ಎಣ್ಣೆ ಹೊಯ್ದಂತೆ. ಕುಡುಗೋಲುಕಣ ರೋಗವೂ ಇಂಥ ಅನುವಂಶಿಕ ವ್ಯಾಧಿಯೇ. ಭಾರತದಲ್ಲಿ ಅದನ್ನು ಮೊದಲು ಕಂಡದ್ದು 1952ರಲ್ಲಿ, ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಬಿಳುಪು, ಹಳದಿ, ಕೈಕಾಲುಗಳ ನೋವು ಮೂರೂ ಅದರಲ್ಲಿ ಕೂಡಿಬರುತ್ತವೆ.

ನಡೆದಾಡುವ ವಯಸ್ಸಿನ ಮಗುವಿಗೆ ಬರುವ ಕಾಮಾಲೆ ಹೆಚ್ಚಾಗಿ ನೀರಿನಿಂದ. ಹೆಪಟೈಟಿಸ್-ಎ ಎಂಬ ವೈರಸ್ಸು ಚರಂಡಿ ಬೆರೆತ ನೀರು, ತೊಳೆಯದ ಕೈ ಇವುಗಳ ಮೂಲಕ ಹೊಟ್ಟೆ ಸೇರಿ ಯಕೃತ್ತನ್ನು ಕೆಡಿಸುತ್ತದೆ. ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ತಾವಾಗಿಯೇ ಗುಣ ಹೊಂದುತ್ತಾರೆ. ಗುಣವಾದ ಕೀರ್ತಿ ಮಾತ್ರ ಬರೆ ಹಾಕಿದವನಿಗೆ, ಬೇರು ಕಟ್ಟಿದವನಿಗೆ ಸಲ್ಲುತ್ತದೆ! ಕಾದ ಸೂಜಿಯ ಬರೆಯಿಂದ ಕೀವು, ನಂಜು ಬಿಟ್ಟರೆ ಬೇರೇನೂ ಬರುವುದಿಲ್ಲ. ಹೆಪಟೈಟಿಸ್-ಬಿ ತಾಯಿಯಿಂದ ಮಗುವಿಗೆ ಬರಬಹುದು. ಹುಟ್ಟಿದ 24 ಗಂಟೆಗಳೊಳಗಿನ ಲಸಿಕೆ ಅದಕ್ಕೆ ತಡೆ.

ಬಂಧುಗಳೆ, ಇದನ್ನೆಲ್ಲ ನೆನಪಿಡುವುದು ಕಷ್ಟ, ನೆನಪಿಡಬೇಕಾಗಿಯೂ ಇಲ್ಲ. ಕಾರಣ ಹುಡುಕುವುದು ವೈದ್ಯರ ಕೆಲಸ. ಸಂದರ್ಭ ಒದಗಿಸುವುದು ನಮ್ಮದು: ಬಣ್ಣ ಬದಲಾದದ್ದು ಎಂದು, ಮಲ ಮೂತ್ರಗಳ ಬಣ್ಣವೇನು, ತಾಯಿಯ ರಕ್ತದ ಗುಂಪು ಯಾವುದು, ಮಗು ಏನು ತಿಂದಿತು, ಯಾವ ಬಟ್ಟೆಯಲ್ಲಿ ಮಲಗಿತ್ತು. ಹಗಲ ಬೆಳಕಿನಲ್ಲಿ ಬೆರಳಿನಿಂದ ಹಣೆಯನ್ನು ಮೆಲ್ಲಗೆ ಒತ್ತಿ ಬಿಟ್ಟು ನೋಡಿ. ಕೆಳರೆಪ್ಪೆ, ತುಟಿ, ಅಂಗೈಗಳನ್ನು ನೋಡಿ. ಮತ್ತು ಮನೆಯಲ್ಲಿ ಬಾಣಂತಿ ಯಾಕೋ ಸರಿಯಿಲ್ಲ ಎಂದರೆ, ನನ್ನ ಹಾಗೆ ನಗಬೇಡಿ.

ಆ ಹೊದಿಕೆ ಈಗಲೂ ಇದೆ. ಹಲವು ಸಲ ಒಗೆದು, ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆಯ ನಡುವೆ ಇಟ್ಟಿದ್ದೇವೆ. ನುಸಿ ಒಂದು ಮೂಲೆಯನ್ನು ತಿಂದಿದೆ. ತಿನ್ನಲಿ.



(ಬಾನುಲಿ ಭಾಷಣ)